ನೊರೆಗೂ ಮೊದಲು ಸೋಪು ತಿನ್ನುವ ನೀರು

ಇಪ್ಪತ್ತು ಲೀಟರ್ ಹಿಡಿಯುವ ಒಂದು ಬಕೆಟ್, ಅದರ ತುಂಬ ಬೋರಿನ ನೀರು. ಲೀಟರಿಗೆ 500 ಮಿಲಿಗ್ರಾಂ ಗಡಸುತನವಿದ್ದರೆ ಆ ಬಕೆಟ್ಟಿನಲ್ಲಿ 10 ಗ್ರಾಂ ಸುಣ್ಣಕಲ್ಲಿಗೆ ಸಮನಾದ ಖನಿಜ ಕಣ್ಣಿಗೆ ಕಾಣದಂತೆ ಕರಗಿರುತ್ತದೆ. ಬಟ್ಟೆಗೆ ಸೋಪು ಉಜ್ಜಿ ಅದ್ದಿದಾಗ ಸೋಪು ಮೊದಲು ಹೋಗಿ ಹಿಡಿಯುವುದು ಕೊಳೆಯನ್ನಲ್ಲ, ಈ ಖನಿಜವನ್ನು. ರಸಾಯನಶಾಸ್ತ್ರದ ಲೆಕ್ಕದಲ್ಲಿ ಅಷ್ಟು ಖನಿಜ ತೀರಬೇಕಾದರೆ ಸುಮಾರು 60 ಗ್ರಾಂ ಶುದ್ಧ ಸೋಪು ಬಿಳಿ ಗಸಿಯಾಗಿ ಹಾಳಾಗಬೇಕು. ನೊರೆ ಬರುವುದು ಆಮೇಲೆ.

ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳಲ್ಲಿ ಬೋರಿನ ನೀರನ್ನೇ ನಂಬಿರುವ ಎಷ್ಟೋ ಮನೆಗಳಿಗೆ ಈ ಲೆಕ್ಕ ಕಾಗದದ ಮೇಲಿನದಲ್ಲ. ಹಂಡೆಯ ತಳದಲ್ಲಿ ಕಟ್ಟುವ ಬಿಳಿ ಹಕ್ಕಳೆ, ನಳದ ಬಾಯಿಗೆ ಮೆತ್ತಿದ ಉಪ್ಪು, ತೊಳೆದು ಬೋರಲು ಹಾಕಿದ ಸ್ಟೀಲ್ ತಂಬಿಗೆಯ ಮೇಲೆ ಉಳಿಯುವ ಚುಕ್ಕೆ, ನಾಲ್ಕೇ ಒಗೆತಕ್ಕೆ ಮಾಸಲಾಗುವ ಬಿಳಿ ಅಂಗಿ, ಅಂಟಂಟಾಗುವ ತಲೆಕೂದಲು. ಎಲ್ಲಕ್ಕಿಂತ ಹೆಚ್ಚಾಗಿ ಅಡುಗೆಮನೆಯ ದೂರು: ಈ ನೀರಾಗ ಬ್ಯಾಳಿ ಬೇಯಂಗಿಲ್ಲ. ಇದನ್ನು ಸವಳು ನೀರು ಎಂದು ಕರೆದು ಜನ ಹೊಂದಿಕೊಂಡಿದ್ದಾರೆ. ಹೊಂದಿಕೊಂಡವರಲ್ಲಿ ಹೆಂಗಸರೇ ಹೆಚ್ಚು, ಏಕೆಂದರೆ ತಿಕ್ಕುವ, ಒಗೆಯುವ, ಬೇಯಿಸುವ ಕೆಲಸವೆಲ್ಲ ಅವರ ಪಾಲಿನದು. ಗಡಸು ನೀರಿನ ಬೆಲೆಯನ್ನು ರೂಪಾಯಿಯಲ್ಲಿ ಎಣಿಸುವಾಗ ಈ ದುಡಿಮೆಯ ಹೊತ್ತು ಲೆಕ್ಕಕ್ಕೆ ಬರುವುದೇ ಇಲ್ಲ.

ನೀರು ಗಡಸಾಗುವುದು ನೆಲದೊಳಗೆ. ಮೋಡದಿಂದ ಬೀಳುವಾಗ ಮಳೆನೀರು ಮೆದುವೇ. ಮಣ್ಣಿಗೆ ಇಳಿದು ಬೇರು ಮತ್ತು ಸೂಕ್ಷ್ಮಜೀವಿಗಳು ಬಿಟ್ಟ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡಾಗ ಅದು ತುಸು ಹುಳಿಯಾಗುತ್ತದೆ. ಆ ಹುಳಿಗೆ ಸುಣ್ಣವನ್ನು ಕರಗಿಸುವ ಶಕ್ತಿಯಿದೆ. ಈ ಭಾಗದ ತಳದಲ್ಲಿರುವುದು ಧಾರವಾಡ ಶಿಲಾಸ್ತೋಮಕ್ಕೆ ಸೇರಿದ ಬಹು ಪುರಾತನ ಪದರುಗಲ್ಲು. ಅದರ ಮೇಲೆ ಎರೆ ಹೊಲ ಇರುವಲ್ಲೆಲ್ಲ ಮಣ್ಣಿನ ನಡುವೆಯೇ ಸುಣ್ಣದ ಹರಳುಗಳು ಸಿಗುತ್ತವೆ. ನೇಗಿಲಿಗೆ ಎದ್ದು ಬರುವ ಆ ಬಿಳಿ ಹರಳು ಮತ್ತು ಗೀಸರಿನೊಳಗಿನ ಬಿಳಿ ಚಕ್ಕೆ ಒಂದೇ ವಸ್ತು, ಕ್ಯಾಲ್ಸಿಯಂ ಕಾರ್ಬೊನೇಟ್. ನೆಲದಲ್ಲಿ ಕರಗಿದ್ದು ಬಚ್ಚಲಲ್ಲಿ ಮತ್ತೆ ಗಟ್ಟಿಯಾಗುತ್ತದೆ, ಅಷ್ಟೆ.

ನಾಲ್ಕೂ ತಾಲ್ಲೂಕುಗಳು ಒಂದೇ ಥರದವೇನಲ್ಲ. ಹಾನಗಲ್ಲ ಅರೆಮಲೆನಾಡು. ಅಲ್ಲಿ ಮಳೆ ಹೆಚ್ಚು, ಭತ್ತದ ಗದ್ದೆಗಳಿವೆ, ಧರ್ಮಾ ನದಿಯ ಕಾಲುವೆಗಳಿವೆ, ಆನಿಕೆರೆಯಂಥ ದೊಡ್ಡ ಕೆರೆಯಿದೆ. ಹಿರೇಕೆರೂರಿಗೆ ಶಿಕಾರಿಪುರದ ಕಡೆಯ ಮಲೆನಾಡಿನ ಸೆರಗು ತಾಗುತ್ತದೆ. ಕುಮದ್ವತಿ, ಮದಗ ಮಾಸೂರು ಕೆರೆ, ಊರಿನ ದುರ್ಗಾದೇವಿ ಕೆರೆ ಆ ಸೀಮೆಯ ನೀರಿನ ಆಸ್ತಿ. ಶಿಗ್ಗಾವಿಯ ಪಶ್ಚಿಮದ ಅಂಚು ಮುಂಡಗೋಡದ ಕಾಡಿನ ಕಡೆಗಿದೆ. ಪೂರ್ವಕ್ಕೆ ಸವಣೂರಿನತ್ತ ಸರಿದಂತೆ ಮಳೆ ಇಳಿಯುತ್ತದೆ, ಎರೆಮಣ್ಣು ಹೆಚ್ಚುತ್ತದೆ. ಮಳೆ ಜೋರಾಗಿ ಬೀಳುವ ಮಸಾರಿ ನೆಲದಲ್ಲಿ ಸುಣ್ಣ ತೊಳೆದುಹೋಗುತ್ತದೆ. ಕಡಿಮೆ ಮಳೆಯ ಎರೆ ನೆಲದಲ್ಲಿ ಅಲ್ಲೇ ಉಳಿಯುತ್ತದೆ. ಹೀಗಾಗಿ ಒಂದೇ ಊರಿನ ಎರಡು ಓಣಿಗಳ ಬೋರುಗಳಲ್ಲೂ ನೀರಿನ ಗುಣ ಬೇರೆಬೇರೆಯಾಗಿರಬಹುದು. ಆಳವೂ ಲೆಕ್ಕಕ್ಕೆ ಬರುತ್ತದೆ. ಮೇಲಿನ ತೆರೆದ ಬಾವಿಗೆ ವರ್ಷವರ್ಷದ ಮಳೆ ಬೆರೆಯುತ್ತದೆ. ಆಳದ ಬಂಡೆಯ ಬಿರುಕಿನಲ್ಲಿ ಬಹುಕಾಲ ನಿಂತ ನೀರು ಹೆಚ್ಚು ಖನಿಜವನ್ನು ಕರಗಿಸಿಕೊಂಡಿರುತ್ತದೆ. ಬಾವಿಗಳು ಬತ್ತಿ ಬೋರುಗಳು ಆಳಕ್ಕೆ ಹೋದ ಹಾಗೆಲ್ಲ ಮನೆಮನೆಯ ನೀರು ಗಡಸಾಗುತ್ತ ಬಂದದ್ದಕ್ಕೆ ಇದೂ ಒಂದು ಕಾರಣ.

ಇನ್ನು ಅಳತೆ. ಭಾರತೀಯ ಮಾನಕ ಬ್ಯೂರೊದ ಕುಡಿಯುವ ನೀರಿನ ಮಾನದಂಡ, ಅಂದರೆ ಐಎಸ್ 10500, 2012ರ ಪರಿಷ್ಕರಣೆಯಲ್ಲಿ ಒಟ್ಟು ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಲಿ ಎನ್ನುತ್ತದೆ. ಬೇರೆ ಮೂಲವೇ ಇಲ್ಲದಿದ್ದರೆ 600ರ ತನಕ ಒಪ್ಪುತ್ತದೆ. ಈ ಎರಡು ಅಂಕಿಗಳ ನಡುವೆಯೇ ಗೃಹಿಣಿಯ ಕಷ್ಟವೆಲ್ಲ ಅಡಗಿದೆ. 450 ಇರುವ ನೀರು ಕಾಗದದಲ್ಲಿ ಕುಡಿಯಲು ಯೋಗ್ಯ, ಒಗೆಯಲು ಕೂತವಳಿಗೆ ಮಾತ್ರ ಶತ್ರು.

ಕುಡಿಯಲು ಯೋಗ್ಯ ಎಂಬ ಮಾತನ್ನು ಒತ್ತಿ ಹೇಳಬೇಕಾಗಿದೆ. ಗಡಸು ನೀರು ಕುಡಿದರೆ ಮೂತ್ರಪಿಂಡದಲ್ಲಿ ಕಲ್ಲಾಗುತ್ತದೆ ಎಂಬ ನಂಬಿಕೆ ಈ ಭಾಗದಲ್ಲಿ ಬಲವಾಗಿದೆ. ಹಂಡೆಯೊಳಗಿನ ಹಕ್ಕಳೆ ನೋಡಿದವರಿಗೆ ಹೊಟ್ಟೆಯೊಳಗೂ ಹೀಗೇ ಕಟ್ಟೀತು ಎಂದು ಭಯವಾಗುವುದು ಸಹಜ. ಆದರೆ ವಿಶ್ವ ಆರೋಗ್ಯ ಸಂಸ್ಥೆ ಗಡಸುತನಕ್ಕೆ ಆರೋಗ್ಯದ ಕಾರಣದಿಂದ ಯಾವ ಮಿತಿಯನ್ನೂ ಹಾಕಿಲ್ಲ. ನೀರನ್ನು ಗಡಸು ಮಾಡುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಎರಡೂ ದೇಹಕ್ಕೆ ಬೇಕಾದವು. ಬಿಸಿಲಲ್ಲಿ ದುಡಿದು ನೀರು ಕಡಿಮೆ ಕುಡಿಯುವುದು ಕಲ್ಲಿಗೆ ಹೆಚ್ಚು ಖಚಿತವಾದ ದಾರಿ. ಈಗಾಗಲೇ ಕಲ್ಲಿನ ತೊಂದರೆ ಇರುವವರು ವೈದ್ಯರ ಮಾತು ಕೇಳಬೇಕು, ಅದು ಬೇರೆ ವಿಷಯ.

ನಿಜವಾಗಿ ಅಂಜಬೇಕಾದದ್ದು ರುಚಿಯೂ ಇಲ್ಲದ, ಹಕ್ಕಳೆಯನ್ನೂ ಕಟ್ಟದ ಫ್ಲೋರೈಡ್ ಮತ್ತು ನೈಟ್ರೇಟಿಗೆ. ಫ್ಲೋರೈಡಿನ ಮಿತಿ ಲೀಟರಿಗೆ 1 ಮಿಲಿಗ್ರಾಂ, ಅನಿವಾರ್ಯವಾದರೆ 1.5. ನೈಟ್ರೇಟಿನದು 45. ಇಲ್ಲೊಂದು ವಿಚಿತ್ರವಿದೆ. ನೀರಿನಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದರೆ ಅದು ಫ್ಲೋರೈಡಿನೊಂದಿಗೆ ಕೂಡಿ ತಳಕ್ಕಿಳಿಯುವುದರಿಂದ ಕರಗಿ ಉಳಿಯುವ ಫ್ಲೋರೈಡ್ ಹೆಚ್ಚಾಗಿ ಕಡಿಮೆಯೇ. ಕ್ಯಾಲ್ಸಿಯಂ ಕಡಿಮೆ ಇದ್ದು ಸೋಡಿಯಂ ಹೆಚ್ಚಿರುವ, ಚೆನ್ನಾಗಿ ನೊರೆ ಬರುವ ಬೋರಿನ ನೀರಿನಲ್ಲೇ ಫ್ಲೋರೈಡ್ ಸೇರಿಕೊಳ್ಳುವ ಸಂಭವ ಜಾಸ್ತಿ. ನೊರೆ ನೋಡಿ ನೀರಿನ ಆರೋಗ್ಯ ಹೇಳಲು ಬರುವುದಿಲ್ಲ.

ಆದ್ದರಿಂದ ದುಡ್ಡು ಖರ್ಚಾಗುವ ಮೊದಲು ಪರೀಕ್ಷೆಯಾಗಬೇಕು. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲಜೀವನ ಮಿಷನ್, ಕರ್ನಾಟಕದಲ್ಲಿ ‘ಮನೆ ಮನೆಗೆ ಗಂಗೆ’ ಎಂಬ ಹೆಸರಿನಲ್ಲಿ ಬಂತು. ನಳ ಹಾಕುವುದರ ಜೊತೆಗೆ ಹಳ್ಳಿಯ ಮಹಿಳೆಯರಿಗೆ ನೀರು ಪರೀಕ್ಷೆಯ ಕಿಟ್ ಕೊಟ್ಟು ತರಬೇತಿ ನೀಡುವುದೂ ಆ ಯೋಜನೆಯ ಭಾಗ. ಗಡಸುತನ, ಕ್ಲೋರೈಡ್, ಫ್ಲೋರೈಡ್, ನೈಟ್ರೇಟ್, ಕಬ್ಬಿಣ ಇವೆಲ್ಲವನ್ನೂ ಆ ಪೆಟ್ಟಿಗೆಯಿಂದ ಅಂದಾಜು ಮಾಡಬಹುದು. ಖಚಿತ ಅಂಕಿ ಬೇಕೆಂದರೆ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯಕ್ಕೆ ಮಾದರಿ ಕೊಡಬೇಕು. ಅಲ್ಲಿ ಮಾಡುವುದು ಕಾಲೇಜು ವಿಜ್ಞಾನದ ಹುಡುಗ ಹುಡುಗಿಯರಿಗೆ ಗೊತ್ತಿರುವ ಇಡಿಟಿಎ ಪರೀಕ್ಷೆಯೇ: ದ್ರಾಕ್ಷಾರಸದ ಕೆಂಪು ಬಣ್ಣ ಹನಿಹನಿಗೆ ತಿರುಗಿ ನೀಲಿಯಾದ ಕ್ಷಣಕ್ಕೆ ಲೆಕ್ಕ ನಿಲ್ಲುತ್ತದೆ.

ಮನೆಬಾಗಿಲಿಗೆ ಬರುವ ಫಿಲ್ಟರ್ ಮಾರಾಟಗಾರರ ಪರೀಕ್ಷೆ ಇದಲ್ಲ. ಅವರ ಕೈಯಲ್ಲಿರುವ ಪೆನ್ನಿನಂಥ ಟಿಡಿಎಸ್ ಮೀಟರ್ ಕರಗಿದ ಒಟ್ಟು ಲವಣವನ್ನು ಅಂದಾಜು ಮಾಡುತ್ತದೆಯೇ ಹೊರತು ಅದರಲ್ಲಿ ಸುಣ್ಣವೆಷ್ಟು, ಅಡುಗೆ ಉಪ್ಪೆಷ್ಟು ಎಂದು ಬಿಡಿಸಿ ಹೇಳುವುದಿಲ್ಲ. ಎರಡು ಲೋಟಗಳಿಗೆ ಕಡ್ಡಿ ಅದ್ದಿ ಕರೆಂಟು ಹಾಯಿಸಿ, ಮನೆಯ ನೀರಿನಲ್ಲಿ ಕಂದು ಗಸಿ ಎಬ್ಬಿಸಿ ತೋರಿಸುವ ಪ್ರದರ್ಶನವಂತೂ ಶುದ್ಧ ಮೋಸ. ಆ ಕಂದು ಗಸಿ ಕಬ್ಬಿಣದ ಕಡ್ಡಿಯದೇ ತುಕ್ಕು. ಲವಣವಿರುವ ನೀರು ಕರೆಂಟನ್ನು ಹರಿಯಗೊಡುತ್ತದೆ, ಲವಣ ಸೋಸಿ ತೆಗೆದ ಆರ್‌ಒ ನೀರು ಅಷ್ಟಾಗಿ ಹರಿಯಗೊಡುವುದಿಲ್ಲ. ವ್ಯತ್ಯಾಸ ಇಷ್ಟೇ.

ಆರ್‌ಒ ಬಗ್ಗೆ ಸ್ವಲ್ಪ ನಿಂತು ಮಾತಾಡಬೇಕು. ಎಚ್.ಕೆ. ಪಾಟೀಲರು 2013ರಿಂದ 2018ರವರೆಗೆ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದಾಗ ರಾಜ್ಯದ ಹಳ್ಳಿಗಳಲ್ಲಿ ಆರ್‌ಒ ಯಂತ್ರದ ಶುದ್ಧ ಕುಡಿಯುವ ನೀರಿನ ಘಟಕಗಳು ಸಾವಿರಗಟ್ಟಲೆ ತಲೆಯೆತ್ತಿದವು. ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಂಡು ಸೈಕಲ್ಲಿಗೆ ಕಟ್ಟಿಕೊಂಡು ಹೋಗುವುದು ದಿನಚರಿಯಾಯಿತು. ಫ್ಲೋರೈಡ್ ಇದ್ದ ಊರುಗಳಿಗೆ ಇದು ದೊಡ್ಡ ಉಪಕಾರ. ಆದರೆ ಬರೀ ಗಡಸುತನದ ಊರಲ್ಲಿ ಆರ್‌ಒ ನೀರು ಹೋಗಿ ಸೇರುವುದು ಕುಡಿಯುವ ಲೋಟಕ್ಕೆ, ಅಂದರೆ ತೊಂದರೆಯೇ ಇಲ್ಲದ ಜಾಗಕ್ಕೆ. ಬ್ಯಾಳಿ, ಬಚ್ಚಲು, ಬಟ್ಟೆ ಮೂರೂ ಹಳೆಯ ನೀರಿನಲ್ಲೇ ಉಳಿಯುತ್ತವೆ. ಮೇಲಾಗಿ ಮನೆಯ ಸಣ್ಣ ಆರ್‌ಒ ಯಂತ್ರ ಒಂದು ಲೀಟರ್ ಕೊಡಲು ಎರಡು ಮೂರು ಲೀಟರನ್ನು ಹೊರಹಾಕುತ್ತದೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರ ಮೇ ತಿಂಗಳಲ್ಲಿ, ಕರಗಿದ ಲವಣ ಲೀಟರಿಗೆ 500 ಮಿಲಿಗ್ರಾಂಗಿಂತ ಕಡಿಮೆ ಇರುವಲ್ಲಿ ಆರ್‌ಒ ಬಳಕೆಯನ್ನು ನಿಷೇಧಿಸಬೇಕು ಎಂದು ಹೇಳಿದ್ದು ಈ ಪೋಲಿಗೆ ಬೇಸತ್ತೇ. ಯಂತ್ರ ಇರುವ ಮನೆಯಲ್ಲಿ ಆ ಹೊರಬಿದ್ದ ನೀರು ನೆಲ ಒರೆಸಲು, ಶೌಚಾಲಯಕ್ಕೆ ಸುರಿಯಲು ಆದೀತು. ಕಾಯಿಸಲು ಮಾತ್ರ ಬೇಡ, ಅದು ಮೊದಲಿಗಿಂತ ಗಡಸು.

ಹಳೆಯ ಮನೆಗಳು ನೀರನ್ನು ಕೆಲಸಕ್ಕೆ ತಕ್ಕಂತೆ ಹಂಚುತ್ತಿದ್ದವು. ಕುಡಿಯಲು, ಬ್ಯಾಳಿ ಬೇಯಿಸಲು ಸಿಹಿನೀರಿನ ಬಾವಿಯದೋ ಕೆರೆಯದೋ ಒಂದು ಕೊಡ ನೀರು. ದನಕ್ಕೆ, ಅಂಗಳಕ್ಕೆ, ಮುಸುರೆಗೆ ಮನೆಯ ಸವಳು ಬಾವಿ. ಬಟ್ಟೆಯ ಗಂಟು ಹೊತ್ತು ಹಳ್ಳಕ್ಕೆ ಹೋಗುವುದರಲ್ಲಿ ಹರಟೆಯ ಸುಖವಷ್ಟೇ ಇರಲಿಲ್ಲ, ಮೆದು ನೀರಿನ ಲಾಭವೂ ಇತ್ತು. ನಳ ಬಂದು ಎಲ್ಲ ಕೆಲಸಕ್ಕೂ ಒಂದೇ ನೀರಾದ ಮೇಲೆ ಈ ಹಂಚಿಕೆ ಮರೆತುಹೋಯಿತು. ಗಡಸು ನೀರಿನ ಮನೆಗಳಿಗೆ ಇಂದು ಬೇಕಾಗಿರುವುದು ಆ ಹಂಚಿಕೆಯೇ, ಇಂದಿನ ಸಲಕರಣೆಗಳೊಂದಿಗೆ.

ಅಡುಗೆಮನೆಯಿಂದಲೇ ಸುರುಮಾಡಬಹುದು. ತೊಗರಿ, ಕಡಲೆ, ಮಡಕಿಯ ಜೀವಕೋಶಗಳನ್ನು ಒಂದಕ್ಕೊಂದು ಹಿಡಿದಿಡುವುದು ಪೆಕ್ಟಿನ್ ಎಂಬ ಅಂಟು. ನೀರಿನ ಕ್ಯಾಲ್ಸಿಯಂ ಆ ಅಂಟನ್ನು ಮತ್ತಷ್ಟು ಬಿಗಿ ಮಾಡುತ್ತದೆ. ಕುಕ್ಕರಿನಲ್ಲಿ ಎಷ್ಟು ಸೀಟಿ ಹೊಡೆಸಿದರೂ ಕಾಳು ಹಣ್ಣಾಗದಿರುವುದು ಅದಕ್ಕೇ. ಕಾಳನ್ನು ರಾತ್ರಿ ನೆನೆಹಾಕುವಾಗ ಲೀಟರಿಗೆ ಎರಡು ಚಮಚ ಉಪ್ಪು ಕರಗಿಸಿದರೆ ಉಪ್ಪಿನ ಸೋಡಿಯಂ ಸಿಪ್ಪೆಯ ಕ್ಯಾಲ್ಸಿಯಂ ಜಾಗಕ್ಕೆ ಕೂತು ಕಾಳು ಬೇಗ ಮೆತ್ತಗಾಗುತ್ತದೆ. ಬೆಳಿಗ್ಗೆ ಆ ನೀರು ಚೆಲ್ಲಿ ತೊಳೆದರಾಯಿತು. ಚಿಟಿಕೆ ಅಡುಗೆ ಸೋಡಾ ಇನ್ನೂ ಚುರುಕು, ಆದರೆ ಬಿ1 ಜೀವಸತ್ವವನ್ನು ಕೆಡಿಸುತ್ತದೆ. ದಿನಾ ಹಾಕುವಂಥದ್ದಲ್ಲ. ಹುಣಸೆಹುಳಿ, ಟೊಮೆಟೊ ಬ್ಯಾಳಿ ಬೆಂದ ಮೇಲೇ ಬೀಳಲಿ, ಹುಳಿಯೂ ಪೆಕ್ಟಿನನ್ನು ಬಿಗಿ ಹಿಡಿಯುತ್ತದೆ. ಹೋಳಿಗೆಯ ದಿನ ಹೂರಣಕ್ಕೆ ಬ್ಯಾಳಿ ಹಣ್ಣಾಗಲೇಬೇಕು. ಆ ಒಂದು ಬೋಗೋಣಿಗೆ ಮಳೆನೀರನ್ನೋ ಘಟಕದ ಕ್ಯಾನಿನ ನೀರನ್ನೋ ಹಾಕುವುದು ನಿಜವಾದ ಸದುಪಯೋಗ.

ಕಾಯಿಸಿ ಆರಿಸುವುದೂ ಒಂದು ದಾರಿ. ಆದರೆ ಅರ್ಧ ದಾರಿ. ಗಡಸುತನದಲ್ಲಿ ಎರಡು ಬಗೆ. ಬೈಕಾರ್ಬೊನೇಟಾಗಿ ಕರಗಿದ ಸುಣ್ಣ ಕುದಿದಾಗ ತಳಕ್ಕಿಳಿಯುತ್ತದೆ. ಇದು ತಾತ್ಕಾಲಿಕ ಗಡಸುತನ. ಸಲ್ಫೇಟ್, ಕ್ಲೋರೈಡ್ ರೂಪದ್ದು ಎಷ್ಟು ಕುದಿಸಿದರೂ ಹೋಗುವುದಿಲ್ಲ. ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಥಾಮಸ್ ಕ್ಲಾರ್ಕ್ 1841ರಲ್ಲಿ ಪೇಟೆಂಟ್ ಪಡೆದ ಉಪಾಯ, ತಾತ್ಕಾಲಿಕ ಗಡಸುತನವನ್ನು ಉರುವಲಿಲ್ಲದೆ ತೆಗೆಯುವಂಥದ್ದು: ಅಳತೆ ಮಾಡಿ ಸುಣ್ಣ ಬೆರೆಸಿದರೆ ಕರಗಿದ ಸುಣ್ಣವೂ ಹೊಸ ಸುಣ್ಣವೂ ಒಟ್ಟಿಗೆ ಕೆಳಗಿಳಿಯುತ್ತವೆ. ಊರಿಗೆ ನೀರು ಕೊಡುವ ದೊಡ್ಡ ಘಟಕಕ್ಕೆ ಇದು ಸೊಗಸಾದ ವಿಧಾನ. ಅಳತೆ ತಪ್ಪಿದರೆ ನೀರು ಇನ್ನಷ್ಟು ಕೆಡುವುದರಿಂದ ಮನೆಗೆ ಹೊಂದದು. ಪಟಕ ತಿರುವಿದರೆ ಕೆಸರು ಕೂರುತ್ತದೆ, ಗಡಸುತನ ಕದಲುವುದಿಲ್ಲ. ಪೈಪಿಗೆ ಕಟ್ಟುವ ಅಯಸ್ಕಾಂತಗಳು ಕೆಲಸ ಮಾಡುತ್ತವೆ ಎನ್ನಲು ಗಟ್ಟಿ ಪುರಾವೆಯಿಲ್ಲ.

ಒಗೆತಕ್ಕೆ ಒಗೆಯುವ ಸೋಡಾ ಈಗಲೂ ಅತಿ ಅಗ್ಗದ ಮದ್ದು. ಮೊದಲು ಹೇಳಿದ ಆ ಬಕೆಟ್ಟಿಗೆ 60 ಗ್ರಾಂ ಸೋಪು ಬೇಕಾದಲ್ಲಿ ಲೆಕ್ಕದ ಪ್ರಕಾರ ಸುಮಾರು 11 ಗ್ರಾಂ ಒಣ ಸೋಡಾ ಪುಡಿ ಸಾಕು. ಕರಗಿಸಿ ಸ್ವಲ್ಪ ಹೊತ್ತು ಬಿಟ್ಟು ಆಮೇಲೆ ಸೋಪು ಹಾಕಬೇಕು. ಅಗಸರು ಚೌಳು ಮಣ್ಣನ್ನು ಬಳಸುತ್ತಿದ್ದರ ಹಿಂದೆ ಇದೇ ರಸಾಯನವಿತ್ತು, ಆ ಮಣ್ಣಿನಲ್ಲಿ ಸಹಜವಾಗಿಯೇ ಸೋಡಾ ಇರುತ್ತದೆ. ಇಂದಿನ ಡಿಟರ್ಜೆಂಟ್ ಪುಡಿಗಳು ಸೋಪಿನಷ್ಟು ಸೋಲದಿರುವುದಕ್ಕೂ ಅವುಗಳಲ್ಲಿ ಬೆರೆಸಿದ ಸೋಡಾ ಒಂದು ಕಾರಣ. ರೇಷ್ಮೆ, ಉಣ್ಣೆಗೆ ಸೋಡಾ ತಾಗಿಸಬಾರದು, ಕೈ ಉರಿಯುವವರು ಎಚ್ಚರವಾಗಿರಬೇಕು. ತಲೆಗೆ ಸೀಗೆಕಾಯಿ, ಅಂಟವಾಳ ಒಳ್ಳೆಯದು ಎಂಬ ಹಿರಿಯರ ಮಾತು ಗಡಸು ನೀರಿನ ಊರಲ್ಲಿ ಇನ್ನೂ ಹೆಚ್ಚು ನಿಜ. ಅವುಗಳ ನೊರೆ ಕೊಡುವ ಅಂಶ ಕ್ಯಾಲ್ಸಿಯಂ ಜೊತೆ ಸೋಪಿನಂತೆ ಗಸಿಯಾಗುವುದಿಲ್ಲ.

ಬಚ್ಚಲ ಒಲೆಗೆ ಹತ್ತಿಕಟ್ಟಿಗೆ ತುರುಕಿ ತಾಮ್ರದ ಹಂಡೆಯಲ್ಲಿ ನೀರು ಕಾಯಿಸುವಾಗ ಹಕ್ಕಳೆ ಕಣ್ಣೆದುರೇ ಇರುತ್ತಿತ್ತು, ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಹೋಗುತ್ತಿತ್ತು. ಗೀಸರ್ ಮುಚ್ಚಿದ ಪೆಟ್ಟಿಗೆ. ದಿನಕ್ಕೆ 100 ಲೀಟರ್ ಕಾಯಿಸುವ ಮನೆಯಲ್ಲಿ, ನೀರಿನ ಗಡಸುತನ 500 ಇದ್ದು ಅದರಲ್ಲಿ ಐದನೇ ಒಂದು ಪಾಲು ಮಾತ್ರ ಒಳಗೆ ಕಟ್ಟಿತೆಂದರೂ ದಿನಕ್ಕೆ 10 ಗ್ರಾಂ, ವರ್ಷಕ್ಕೆ ಮೂರೂವರೆ ಕಿಲೊ ಚಕ್ಕೆ. ಕಾಯಿಲಿಗೆ ಅದು ಹೊದಿಕೆಯಾಗಿ ಶಾಖ ನೀರಿಗೆ ಮುಟ್ಟದೆ ಕರೆಂಟು ಪೋಲಾಗುತ್ತದೆ, ಕೊನೆಗೆ ಕಾಯಿಲ್ ಸುಡುತ್ತದೆ. ನೀರು 60 ಡಿಗ್ರಿ ದಾಟಿದಷ್ಟೂ ಚಕ್ಕೆ ಬೇಗ ಕಟ್ಟುವುದರಿಂದ ಥರ್ಮೋಸ್ಟಾಟನ್ನು 50ರಿಂದ 55ಕ್ಕೆ ಇಳಿಸುವುದು ಕಾಸಿಲ್ಲದ ಉಪಾಯ. ಸೌರ ಹೀಟರ್ ಕೊಳ್ಳುವವರು ಅಂಗಡಿಗೆ ಹೋಗುವ ಮುನ್ನ ಗಡಸುತನದ ಅಂಕಿ ತಿಳಿದುಕೊಂಡಿರಬೇಕು. ಚಪ್ಪಟೆ ಫಲಕದ ಸಪೂರ ತಾಮ್ರದ ನಳಿಗೆಗಳು ಇಂಥ ನೀರಿಗೆ ಕಟ್ಟಿಕೊಳ್ಳುತ್ತವೆ, ಗಾಜಿನ ಕೊಳವೆಯವು ಹೆಚ್ಚು ತಾಳುತ್ತವೆ.

ಕಟ್ಟಿದ್ದನ್ನು ಕರಗಿಸಲು ಕಿರಾಣಿ ಅಂಗಡಿಯ ನಿಂಬೆ ಉಪ್ಪು ಸಾಕು. ಬಿಸಿನೀರಿಗೆ ಎರಡು ಮೂರು ಚಮಚ ಹಾಕಿ, ಕರೆಂಟಿನಿಂದ ತೆಗೆದ ಹೀಟರ್ ರಾಡನ್ನು ಅದರಲ್ಲಿ ನಿಲ್ಲಿಸಿದರೆ ಗುಳ್ಳೆಯೆದ್ದು ಚಕ್ಕೆ ಬಿಡುತ್ತದೆ. ಷವರಿನ ತಲೆಗೂ ಇದೇ. ಆ್ಯಸಿಡ್ ಬಾಟಲಿಯನ್ನು ಮಾತ್ರ ಮನೆಯಿಂದ ದೂರ ಇಡಬೇಕು. ಈ ಭಾಗದ ಬಚ್ಚಲುಗಳಿಗೆ ಹಾಸಿರುವ ಶಹಾಬಾದ್ ಫರಸಿ ಹುಟ್ಟಿನಿಂದಲೇ ಸುಣ್ಣಕಲ್ಲು. ಹಕ್ಕಳೆ ಕರಗಿಸಲು ಸುರಿದ ಆ್ಯಸಿಡ್ ಕಲ್ಲನ್ನೂ ಕರಗಿಸುತ್ತದೆ. ಬ್ಲೀಚಿಂಗ್ ಪುಡಿ ಚೆಲ್ಲಿದ ಜಾಗದಲ್ಲಿ ಆ್ಯಸಿಡ್ ಬಿದ್ದರೆ ಹೊರಡುವ ಕ್ಲೋರಿನ್ ಗಾಳಿ ಉಸಿರಿಗೇ ಅಪಾಯ.

ಇಡೀ ಮನೆಗೆ ಸಾಫ್ಟ್‌ನರ್ ಹಾಕಿಸುವವರೂ ಈಗ ಪಟ್ಟಣಗಳಲ್ಲಿದ್ದಾರೆ. ಅದರೊಳಗಿನ ರಾಳದ ಮಣಿಗಳು ಕ್ಯಾಲ್ಸಿಯಂ ಹಿಡಿದುಕೊಂಡು ಸೋಡಿಯಂ ಬಿಡುತ್ತವೆ. ಮಣಿಗಳು ತುಂಬಿಕೊಂಡಾಗ ಉಪ್ಪುನೀರು ಹಾಯಿಸಿ ಮತ್ತೆ ಹದಕ್ಕೆ ತರಬೇಕು. ಬಚ್ಚಲಿಗೆ, ಗೀಸರಿಗೆ, ವಾಷಿಂಗ್ ಮಷಿನ್ನಿಗೆ ಇದರಷ್ಟು ಒಳ್ಳೆಯ ಉಪಾಯ ಇನ್ನೊಂದಿಲ್ಲ. ಆದರೆ ಪ್ರತಿ 100 ಮಿಲಿಗ್ರಾಂ ಗಡಸುತನ ತೆಗೆದಾಗ ಲೀಟರಿಗೆ 46 ಮಿಲಿಗ್ರಾಂ ಸೋಡಿಯಂ ಸೇರುತ್ತದೆ. ರಕ್ತದೊತ್ತಡ ಇರುವವರ ಕುಡಿಯುವ ನೀರು ಅದರಲ್ಲಿ ಹಾದು ಬರಬಾರದು, ಅಡುಗೆಮನೆಗೆ ಬೇರೆ ನಳ ಇರಲಿ. ತೊಳೆದು ಬಿಟ್ಟ ಉಪ್ಪುನೀರು ಹಿತ್ತಲಿಗೂ ಹೋಗಬಾರದು. ಎರೆಮಣ್ಣಿಗೆ ಸೋಡಿಯಂ ಸೇರಿದರೆ ಮಣ್ಣಿನ ಕಣಗಳು ಬಿಡಿಬಿಡಿಯಾಗಿ ನೀರು ಇಂಗದ ಜಿಗುಟು ನೆಲವಾಗುತ್ತದೆ. ಬಳ್ಳಿ, ಎಲೆತೋಟಗಳ ಸವಣೂರಿನಂಥ ಸೀಮೆಗೆ ಈ ಮಾತು ಮುಖ್ಯ.

ಉಳಿದದ್ದು ಮಳೆ. ವರದಾ ಅಥವಾ ತುಂಗಭದ್ರೆಯ ನೀರು ಪೈಪಿನಲ್ಲಿ ಬರುವ ಊರುಗಳಿಗೆ ಗಡಸುತನದ ಚಿಂತೆ ಬಹುಪಾಲು ಕಳೆಯುತ್ತದೆ. ಅದು ಬಾರದ ದಿನಗಳಿಗೆ ಚಾವಣಿಯೇ ಆಸರೆ. 50 ಚದರ ಮೀಟರ್ ಚಾವಣಿಯ ಮೇಲೆ ವರ್ಷಕ್ಕೆ 700 ಮಿಲಿಮೀಟರ್ ಮಳೆ ಬಿದ್ದರೆ 35,000 ಲೀಟರ್. ಐದನೇ ಒಂದು ಪಾಲು ಸೋರಿ ಹೋದರೂ 28,000 ಉಳಿಯಿತು. ಐದು ಜನರ ಮನೆಗೆ ಕುಡಿಯಲು, ಬೇಯಿಸಲು ದಿನಕ್ಕೆ 25 ಲೀಟರಿನಂತೆ ವರ್ಷಕ್ಕೆ ಬೇಕಾದದ್ದು ಸುಮಾರು 9,100 ಲೀಟರ್ ಮಾತ್ರ. ಕರ್ನಾಟಕ ಸರ್ಕಾರ 2006–07ರಲ್ಲಿ ‘ಸುವರ್ಣಜಲ’ ಯೋಜನೆಯಡಿ ಗ್ರಾಮೀಣ ಶಾಲೆಗಳ ಚಾವಣಿ ನೀರು ಹಿಡಿಯಲು ಹೊರಟಿತ್ತು. ಎಷ್ಟೋ ಕಡೆ ತೊಟ್ಟಿ ಕಟ್ಟಿದವರಿದ್ದರೂ ಮೇಲುಸ್ತುವಾರಿ ಮಾಡುವವರಿರಲಿಲ್ಲ. ಬೆಂಗಳೂರಿನಲ್ಲಿ ವಿಜ್ಞಾನಿ ಎ.ಆರ್. ಶಿವಕುಮಾರ್ ತಮ್ಮ ಮನೆಯನ್ನು ವರ್ಷಗಳ ಕಾಲ ಮಳೆನೀರಿನಲ್ಲೇ ನಡೆಸಿ ತೋರಿಸಿದ್ದಾರೆ. ಕಾಸರಗೋಡು ಸೀಮೆಯ ಪತ್ರಕರ್ತ ಶ್ರೀ ಪಡ್ರೆ ದಶಕಗಳಿಂದ ಇದನ್ನೇ ಬರೆಯುತ್ತ ಬಂದಿದ್ದಾರೆ.

ಹೆಂಚು, ತಗಡು, ಆರ್‌ಸಿಸಿ ಮೂರೂ ಚಾವಣಿಗಳು ಆಗುತ್ತವೆ, ಮಣ್ಣಿನ ಮಾಳಿಗೆಯ ನೀರು ಕುಡಿಯಲು ಆಗದು. ಮುಂಗಾರಿನ ಮೊದಲ ಒಂದೆರಡು ಮಳೆಯನ್ನು ಹೊರಗೆ ಬಿಟ್ಟು ಧೂಳು, ಹಕ್ಕಿಯ ಹಿಕ್ಕೆ ತೊಳೆದುಹೋದ ಮೇಲೆ ಪೈಪನ್ನು ತೊಟ್ಟಿಗೆ ತಿರುಗಿಸಬೇಕು. ಬಾಯಿಗೆ ಬಟ್ಟೆಯೋ ಮರಳಿನ ಸೋಸುಕವೋ ಇರಲಿ, ಒಳಗೆ ಬೆಳಕು ಬೀಳದಿರಲಿ. ಕುಡಿಯುವ ಪಾಲನ್ನು ಕುದಿಸಬೇಕು, ಮಳೆನೀರು ಮೆದುವಾದ ಮಾತ್ರಕ್ಕೆ ಕ್ರಿಮಿರಹಿತವಲ್ಲ. ಹೊಸ ಸಿಮೆಂಟ್ ತೊಟ್ಟಿ ಮೊದಮೊದಲು ತನ್ನ ಸುಣ್ಣವನ್ನೇ ನೀರಿಗೆ ಬಿಡುತ್ತದೆ, ಹಾಗಾಗಿ ಮೊದಲ ತುಂಬಣಿಯನ್ನು ಗಿಡಕ್ಕೆ ಬಿಟ್ಟು ಎರಡನೆಯದರಿಂದ ಬಳಸುವುದು ಲೇಸು. ಹೆಚ್ಚಾದ ನೀರನ್ನು ಬೋರಿನ ಸುತ್ತಲ ಇಂಗುಗುಂಡಿಗೆ ತಿರುಗಿಸಿದರೆ ಒಳಗಿನ ನೀರೂ ಮೆದುವಾಗುತ್ತ ಹೋಗುತ್ತದೆ. ಅದೆಷ್ಟು ಮೆದುವಾಯಿತೆಂದು ತಿಳಿಯಲು ಮಾದರಿಯನ್ನು ವರ್ಷಕ್ಕೆ ಎರಡು ಸಲ ಕೊಡಬೇಕು: ಬೋರು ಬಸವಳಿದಿರುವ ಮೇ ತಿಂಗಳಲ್ಲಿ ಒಮ್ಮೆ, ಮಳೆ ನಿಂತ ಅಕ್ಟೋಬರಿನಲ್ಲಿ ಮತ್ತೊಮ್ಮೆ. ಎರಡೂ ಚೀಟಿಗಳನ್ನು ಗೀಸರಿನ ವಾರಂಟಿ ಕಾರ್ಡಿನ ಜೊತೆಗೇ ಇಟ್ಟುಕೊಂಡರೆ ರಿಪೇರಿಗೆ ಬಂದವನಿಗೂ, ಮುಂದೆ ಸೌರ ಹೀಟರ್ ಮಾರುವವನಿಗೂ ತೋರಿಸಲು ಆಗುತ್ತದೆ.